ಶಾಲೆ ಬಿಡುವುದು ಮೂರೂಕಾಲಿಗೆ, ನಾವು ಬರುವುದು ಆರಕ್ಕೆ: ನಡುವೆ ಮಗು ಎಲ್ಲಿ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಯಜಮಾನರದು ಸ್ಕಿಲ್ಡ್ ವರ್ಕರ್ ವೀಸಾ, ನನ್ನದು ಡಿಪೆಂಡೆಂಟ್. ಇಬ್ಬರಿಗೂ ಕೆಲಸವಿದೆ, ವಾರಕ್ಕೆ ಮೂರು ದಿನ ಲಂಡನ್ನಿನ ಆಫೀಸಿಗೆ ಹೋಗಲೇಬೇಕು. ಮಗಳು ಈಗ ಬೆಳಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ ನರ್ಸರಿಯಲ್ಲಿರುತ್ತಾಳೆ. ಸೆಪ್ಟೆಂಬರ್‌ನಲ್ಲಿ ರಿಸೆಪ್ಷನ್‌ಗೆ (ಶಾಲೆಯ ಮೊದಲ ವರ್ಷ) ಸೇರುತ್ತಾಳೆ, ಫೆಬ್ರವರಿಯಲ್ಲಿ ಐದು ತುಂಬುತ್ತದೆ. ಶಾಲೆ 8.45ಕ್ಕೆ ಶುರುವಾಗಿ 3.15ಕ್ಕೆ ಬಿಡುತ್ತದಂತೆ. ಮೈಸೂರಿನಿಂದ ಅತ್ತೆಯವರನ್ನು ಆರು ತಿಂಗಳು ಕರೆಸಿಕೊಳ್ಳೋಣ ಅನ್ನುತ್ತಾರೆ ಯಜಮಾನರು. ಪಕ್ಕದ ಬೀದಿಯಲ್ಲಿರುವ ನಮ್ಮ ಕಡೆಯವರೇ ಒಬ್ಬರು ‘ನಾನು ನೋಡ್ಕೋತೀನಿ, ದಿನಕ್ಕಿಷ್ಟು ಅಂತ ಕೊಡಿ’ ಅಂದಿದ್ದಾರೆ. ಖರ್ಚಿನಲ್ಲಿ ಸರ್ಕಾರ ಪಾಲು ಕೊಡುತ್ತದೆ ಅಂತಲೂ ಕೇಳಿದ್ದೇನೆ. ಯಾವುದು ಸರಿ? ಇಷ್ಟು ಚಿಕ್ಕ ಮಗುವನ್ನು ದಿನಕ್ಕೆ ಹತ್ತು ಗಂಟೆ ಹೊರಗೆ ಬಿಟ್ಟರೆ ತೊಂದರೆಯಾಗುವುದಿಲ್ಲವೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಶಾಲೆಯ ಆಫ್ಟರ್ ಸ್ಕೂಲ್ ಕ್ಲಬ್‌ನಲ್ಲಿ ಜಾಗ ಹಿಡಿಯುವುದು ನಿಮ್ಮ ಮೊದಲ ಕೆಲಸ, ಅದೂ ಈ ವಾರವೇ. ಅತ್ತೆಯವರು ಬರಲಿ, ಆದರೆ ಆರು ತಿಂಗಳಿಗಲ್ಲ. ಪಕ್ಕದ ಬೀದಿಯವರಿಗೆ ಸದ್ಯಕ್ಕೆ ಹೂಂ ಅನ್ನಬೇಡಿ. ಸರ್ಕಾರದ ಪಾಲು ನಿಮ್ಮ ವೀಸಾದವರಿಗೆ ಸಿಗುವುದಿಲ್ಲ. ಇಂಗ್ಲೆಂಡಿನ ಪ್ರೈಮರಿ ಶಾಲೆಗಳಲ್ಲಿ ಇಂಥ ಕ್ಲಬ್ ನಡೆಸುವುದೇ ನನ್ನ ಕಸುಬು. ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ ಹೊತ್ತು ಬರುವ ನಮ್ಮವರನ್ನು ನೋಡುತ್ತಿರುತ್ತೇನೆ. ಹಾಗಾಗಿ ಕಾರಣಗಳನ್ನೂ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಶಾಲೆ ಶುರುವಾದರೆ ಹಗುರಾಯಿತು, ನರ್ಸರಿ ಫೀಸು ಉಳಿಯಿತು ಎಂದುಕೊಂಡಿರುತ್ತೇವೆ. ದುಡ್ಡಿನ ಮಟ್ಟಿಗೆ ಅದು ನಿಜ. ಹೊತ್ತಿನ ಮಟ್ಟಿಗೆ ಉಲ್ಟಾ. ನರ್ಸರಿ ಹೆಚ್ಚುಕಡಿಮೆ ವರ್ಷವಿಡೀ ತೆರೆದಿರುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಇರುವುದು ವರ್ಷಕ್ಕೆ 190 ದಿನ, ದಿನಕ್ಕೆ ಆರೂವರೆ ಗಂಟೆ. ಏಪ್ರಿಲ್ 16ರ ಹೊತ್ತಿಗೆ ಊರಿನ ಆಡಳಿತ ನೋಡುವ ಕೌನ್ಸಿಲ್‌ನಿಂದ ಬಂದ ಆಫರ್ ಪತ್ರದಲ್ಲಿ ಶಾಲೆಯ ಹೆಸರಿದೆಯೇ ಹೊರತು, ಮೂರೂಕಾಲರ ನಂತರ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಒಂದು ಸಾಲೂ ಇರುವುದಿಲ್ಲ. ಕೆಲಸಕ್ಕೆ ಹೋಗುವ ತಂದೆತಾಯಿಗೆ ಬೇಕಾಗುವಷ್ಟು ಚೈಲ್ಡ್‌ಕೇರ್ ಊರಿನಲ್ಲಿರುವಂತೆ ಕೌನ್ಸಿಲ್ ನೋಡಿಕೊಳ್ಳಬೇಕು ಎಂದು 2006ರ ಚೈಲ್ಡ್‌ಕೇರ್ ಕಾಯ್ದೆ ಹೇಳುತ್ತದೆ, ಆದರೆ ‘ಕಾರ್ಯಸಾಧ್ಯವಾದ ಮಟ್ಟಿಗೆ’ ಅಂತಲೂ ಜೊತೆಗೇ ಸೇರಿಸುತ್ತದೆ. 2023ರ ಮಾರ್ಚ್ ಬಜೆಟ್‌ನಲ್ಲಿ ಇದಕ್ಕೆಂದೇ 28.9 ಕೋಟಿ ಪೌಂಡ್ ಎತ್ತಿಟ್ಟು, 2026ರ ಸೆಪ್ಟೆಂಬರ್ ವೇಳೆಗೆ ಪ್ರೈಮರಿ ಮಕ್ಕಳಿಗೆಲ್ಲ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ವ್ಯವಸ್ಥೆ ಸಿಗುವಂತಾಗಬೇಕು ಎಂದರು. ಅದು ಗುರಿ, ಹಕ್ಕಲ್ಲ. ಜಾಗ ಸಿಗದಿದ್ದರೆ ಕೋರ್ಟಿಗೆ ಹೋಗಿ ಕೇಳಲಾಗುವುದಿಲ್ಲ.

ಶಾಲೆಯ ಆಫೀಸಿಗೆ ಫೋನ್ ಮಾಡಿದಾಗ ಒಂದು ವಿಷಯ ಬಿಡಿಸಿ ಕೇಳಿ. ‘ಕ್ಲಬ್’ ಎಂದು ಇಲ್ಲಿ ಎರಡಕ್ಕೆ ಕರೆಯುತ್ತಾರೆ. ಫುಟ್‌ಬಾಲ್ ಕ್ಲಬ್, ಡ್ರಾಮಾ ಕ್ಲಬ್, ಚೆಸ್ ಕ್ಲಬ್ ಇವೆಲ್ಲ ಮೂರೂಕಾಲಿಗೆ ಶುರುವಾಗಿ ನಾಲ್ಕೂಕಾಲಿಗೆ ಮುಗಿಯುತ್ತವೆ. ಟರ್ಮ್‌ನ ಮೊದಲ ವಾರ ಇರುವುದಿಲ್ಲ, ಕೊನೆಯ ವಾರವೂ ಇರುವುದಿಲ್ಲ, ಕೋಚ್‌ಗೆ ಜ್ವರ ಬಂದರೆ ಅವತ್ತೂ ಇಲ್ಲ. ರಿಸೆಪ್ಷನ್ ಮಕ್ಕಳನ್ನು ಬಹುಪಾಲು ಕಡೆ ಮೊದಲ ಟರ್ಮ್‌ನಲ್ಲಿ ಸೇರಿಸಿಕೊಳ್ಳುವುದೂ ಇಲ್ಲ. ನಿಮಗೆ ಬೇಕಾಗಿರುವುದು ‘ರ‍್ಯಾಪ್‌ಅರೌಂಡ್ ಕೇರ್’. ಅಂದರೆ ಶಾಲೆ ಇರುವ ಪ್ರತಿ ದಿನವೂ ಬೆಳಗ್ಗೆ ಏಳೂವರೆಗೋ ಎಂಟಕ್ಕೋ ಬಾಗಿಲು ತೆರೆದು, ಸಂಜೆ ಆರರವರೆಗೆ ಮಗುವನ್ನು ಇಟ್ಟುಕೊಂಡು, ತಿನ್ನಲು ಕೊಟ್ಟು ನೋಡಿಕೊಳ್ಳುವ ವ್ಯವಸ್ಥೆ. ವೆಬ್‌ಸೈಟ್‌ನಲ್ಲಿ ‘ಹದಿನೈದು ಕ್ಲಬ್‌ಗಳಿವೆ’ ಅಂತ ಓದಿ ನಿಶ್ಚಿಂತೆಯಿಂದ ಕೂತವರು ಆಗಸ್ಟ್‌ನಲ್ಲಿ ಗಾಬರಿಯಾಗುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಬೆಳಗಿನ ವಿಷಯದಲ್ಲೂ ಒಂದು ಎಚ್ಚರ. 2025ರ ಏಪ್ರಿಲ್‌ನಲ್ಲಿ 750 ಶಾಲೆಗಳಲ್ಲಿ ಸರ್ಕಾರದ ಉಚಿತ ಬ್ರೇಕ್‌ಫಾಸ್ಟ್ ಕ್ಲಬ್ ಶುರುವಾಯಿತು. ವೀಸಾ ಯಾವುದೇ ಇರಲಿ, ಆ ಶಾಲೆಯ ಮಗುವಾದರೆ ಸಾಕು. ಆದರೆ ಉಚಿತ ಎಂದು ಖಾತ್ರಿ ಇರುವುದು ಶಾಲೆಗೆ ಮುಂಚಿನ ಅರ್ಧ ಗಂಟೆ ಮಾತ್ರ. ಶಾಲೆ 8.45ಕ್ಕಾದರೆ ಅದು 8.15ಕ್ಕೆ. ರೆಡಿಂಗ್‌ನಿಂದ ಪ್ಯಾಡಿಂಗ್ಟನ್‌ಗೆ ವೇಗದ ರೈಲಿನಲ್ಲಿ ಅರ್ಧ ಗಂಟೆಯಾದರೂ, 8.15ಕ್ಕೆ ಮಗುವನ್ನು ಬಿಟ್ಟು ಸ್ಟೇಷನ್ ಸೇರಿ ರೈಲು ಹಿಡಿದು ಟ್ಯೂಬ್ (ಸುರಂಗ ರೈಲು) ಬದಲಿಸಿ ಒಂಬತ್ತಕ್ಕೆ ಮೇಜಿನ ಮುಂದೆ ಕೂರಲು ಆಗದು. ದುಡ್ಡು ಕೊಟ್ಟು ಏಳೂವರೆಯ ಜಾಗವನ್ನೇ ತೆಗೆದುಕೊಳ್ಳಬೇಕಾಗಬಹುದು. ದರ ಊರಿಂದ ಊರಿಗೆ ಬೇರೆ. ನಾನು ಕಂಡ ಮಟ್ಟಿಗೆ ಬೆಳಗಿನದಕ್ಕೆ 5ರಿಂದ 8 ಪೌಂಡ್, ಸಂಜೆ ಆರರವರೆಗಿನದಕ್ಕೆ 12ರಿಂದ 20. ದಿನಕ್ಕೆ 25 ಅಂತ ಹಿಡಿದು ವಾರಕ್ಕೆ ಮೂರು ದಿನ, 38 ವಾರ ಲೆಕ್ಕ ಹಾಕಿದರೆ ವರ್ಷಕ್ಕೆ 2,850 ಪೌಂಡ್. ಈಗಿನ ನರ್ಸರಿ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಿ.

ಜಾಗ ಇದೆ ಅಂದ ಕೂಡಲೇ ಫಾರ್ಮ್ ತುಂಬಿಬಿಡಬೇಡಿ, ಒಂದು ಸಲ ಹೋಗಿ ನೋಡಿ. ಹೋಗುವುದಾದರೆ ಬೆಳಗ್ಗೆ ಹತ್ತಕ್ಕಲ್ಲ, ಸಂಜೆ ಐದರ ಮೇಲೆ. ಮೂರೂವರೆಗೆ ಎಲ್ಲ ಕ್ಲಬ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಬಣ್ಣ, ಅಂಟು, ಕತ್ತರಿ ಹರಡಿರುತ್ತವೆ, ಮಕ್ಕಳ ಹೊಟ್ಟೆಯಲ್ಲಿ ಇನ್ನೂ ಊಟವಿರುತ್ತದೆ. ಐದೂಕಾಲಿಗೆ ಅರ್ಧ ಮಕ್ಕಳು ಹೋಗಿರುತ್ತಾರೆ, ಉಳಿದವರು ಬಾಗಿಲು ನೋಡುತ್ತಿರುತ್ತಾರೆ. ಆ ಹೊತ್ತಿನಲ್ಲಿ ಸಿಬ್ಬಂದಿ ಏನು ಮಾಡುತ್ತಿದ್ದಾರೆ? ಕುರ್ಚಿ ಒಟ್ಟುತ್ತ, ನೆಲ ಗುಡಿಸುತ್ತ, ಮಕ್ಕಳನ್ನು ಟಿವಿ ಮುಂದೆ ಕೂರಿಸಿದ್ದಾರೋ, ಇಲ್ಲ ಒಬ್ಬರಾದರೂ ನೆಲದ ಮೇಲೆ ಕೂತು ಪುಸ್ತಕ ಓದುತ್ತಿದ್ದಾರೋ? ಆ ಒಂದು ನೋಟ ಎಷ್ಟೋ ವಿಷಯ ಹೇಳುತ್ತದೆ. ಮೂಲೆಯಲ್ಲಿ ಒಂದು ಮೆತ್ತೆ, ಒಂದೆರಡು ದಿಂಬು, ಸದ್ದಿಲ್ಲದ ಜಾಗ ಇದೆಯೇ ನೋಡಿ. ಹತ್ತು ವರ್ಷದ ಹುಡುಗರು ಚೆಂಡು ಒದೆಯುವ ಹಾಲ್‌ನಲ್ಲೇ ನಾಲ್ಕು ವರ್ಷದವಳೂ ಇರಬೇಕಾದರೆ ಅವಳು ಗೋಡೆಗೆ ಆತುಕೊಂಡೇ ಸಂಜೆ ಕಳೆಯುತ್ತಾಳೆ.

ಕೇಳಬೇಕಾದ ಪ್ರಶ್ನೆಗಳಲ್ಲಿ ನನ್ನ ಪ್ರಕಾರ ಮುಖ್ಯವಾದದ್ದು ಇದು: ‘3.15ಕ್ಕೆ ತರಗತಿಯಿಂದ ಕ್ಲಬ್‌ಗೆ ಅವಳನ್ನು ಯಾರು ಕರೆದುಕೊಂಡು ಬರುತ್ತಾರೆ?’ ಒಳ್ಳೆಯ ಕ್ಲಬ್‌ನವರು ತಡವರಿಸದೆ ಹೇಳುತ್ತಾರೆ: ನಮ್ಮವರೊಬ್ಬರು ರಿಜಿಸ್ಟರ್ ಹಿಡಿದು ರಿಸೆಪ್ಷನ್ ಬಾಗಿಲಿಗೆ ಹೋಗುತ್ತಾರೆ, ಟೀಚರ್ ಒಂದೊಂದೇ ಹೆಸರು ಕರೆದು ಒಪ್ಪಿಸುತ್ತಾರೆ, ಪಟ್ಟಿಯಲ್ಲಿರುವ ಮಗು ಬರದಿದ್ದರೆ ಅಲ್ಲೇ ನಿಂತು ಆಫೀಸಿಗೆ ಫೋನ್ ಮಾಡುತ್ತಾರೆ. ‘ಟೀಚರ್ ಕಳಿಸ್ತಾರೆ’ ಎಂದಷ್ಟೇ ಹೇಳಿದರೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ. ಮಕ್ಕಳು ತಪ್ಪಿಸಿಕೊಳ್ಳುವ ಪ್ರಸಂಗಗಳು ಹೆಚ್ಚಾಗಿ ಆಗುವುದು ಈ ಕೈಯಿಂದ ಆ ಕೈಗೆ ದಾಟಿಸುವ ಐದು ನಿಮಿಷದಲ್ಲೇ. ಕ್ಲಬ್ ಶಾಲೆಯ ಹೊರಗೆ, ಚರ್ಚ್ ಹಾಲ್‌ನಲ್ಲೋ ಬೇರೆ ಶಾಲೆಯಲ್ಲೋ ಇದ್ದರೆ ದಾರಿಯ ಬಗ್ಗೆಯೂ ಕೇಳಿ: ನಡಿಗೆಯೇ, ಮಿನಿಬಸ್ಸೇ, ಎಷ್ಟು ಮಕ್ಕಳಿಗೆ ಎಷ್ಟು ಜನ?

ರಿಸೆಪ್ಷನ್ ವಯಸ್ಸಿನ ಮಕ್ಕಳಿರುವಷ್ಟು ಹೊತ್ತೂ ಪೀಡಿಯಾಟ್ರಿಕ್ ಫಸ್ಟ್ ಏಡ್ ಸರ್ಟಿಫಿಕೇಟ್ ಇರುವ ಒಬ್ಬರು ಅಲ್ಲಿ ಇರಲೇಬೇಕು, ಇದು ಕಾನೂನು. ಕ್ಲಬ್ಬನ್ನು ಖಾಸಗಿಯವರು ನಡೆಸುತ್ತಿದ್ದರೆ ಅವರಿಗೆ ಶಾಲೆ, ಚೈಲ್ಡ್‌ಕೇರ್‌ಗಳನ್ನು ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆಯಾದ ಆಫ್‌ಸ್ಟೆಡ್‌ನಲ್ಲಿ ಬೇರೆ ನೋಂದಣಿ ಇರುತ್ತದೆ, ವರದಿಯೂ ಅದರ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಶಾಲೆಯೇ ನಡೆಸುತ್ತಿದ್ದರೆ ಅದು ಶಾಲೆಯ ತಪಾಸಣೆಯೊಳಗೇ ಬರುತ್ತದೆ. ಪ್ರತ್ಯೇಕ ವರದಿ ಕಾಣಲಿಲ್ಲ ಅಂತ ಗಾಬರಿ ಬೀಳಬೇಡಿ.

ತಿಂಡಿಯ ವಿಷಯ ಚಿಕ್ಕದೆಂದು ಬಿಡಬೇಡಿ. ‘ವೆಜಿಟೇರಿಯನ್’ ಎಂದು ಫಾರ್ಮ್‌ನಲ್ಲಿ ಟಿಕ್ ಮಾಡಿದರೆ ಟೋಸ್ಟ್, ಬೇಕ್ಡ್ ಬೀನ್ಸ್, ಚೀಸ್ ಪಾಸ್ತಾ ಸರಿಯಾಗಿಯೇ ಬರುತ್ತವೆ. ಎಡವಟ್ಟಾಗುವುದು ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜೆಲಟಿನ್‌ನಲ್ಲಿ. ಯಾರದೋ ಹುಟ್ಟುಹಬ್ಬಕ್ಕೆ ಹಂಚುವ ಜೆಲ್ಲಿ ಮಿಠಾಯಿ, ಬಿಸಿ ಚಾಕೊಲೇಟ್ ಮೇಲೆ ಹಾಕುವ ಮಾರ್ಷ್‌ಮ್ಯಾಲೋ ಇವನ್ನು ಮಾಂಸಾಹಾರ ಎಂದು ಕ್ಲಬ್‌ನಲ್ಲಿ ಕೆಲಸ ಮಾಡುವ ಇಲ್ಲಿನ ಹದಿನೆಂಟರ ಹುಡುಗಿಗೆ ಹೊಳೆಯುವುದೇ ಇಲ್ಲ. ‘ಜೆಲಟಿನ್ ಬೇಡ, ಮೊಟ್ಟೆ ಆಗಬಹುದು’ ಅಂತಲೋ ‘ಮೊಟ್ಟೆಯೂ ಬೇಡ’ ಅಂತಲೋ ನಿಮ್ಮ ಮನೆಯ ಪದ್ಧತಿಯನ್ನು ಬಿಡಿಸಿ ಬರೆದುಕೊಡಿ. ಕಡಲೆಕಾಯಿ ಚಟ್ನಿಪುಡಿ ಸವರಿದ ಚಪಾತಿಯನ್ನು ಡಬ್ಬಿಗೆ ಹಾಕಿ ಕಳಿಸಬೇಡಿ; ಬಹುಪಾಲು ಶಾಲೆಗಳಲ್ಲಿ ಕಡಲೆಕಾಯಿಗೆ ಪ್ರವೇಶವಿಲ್ಲ. ಮತ್ತೆ, ಬ್ಯಾಗಿನಲ್ಲಿ ಒಂದು ಜೊತೆ ಒಳಉಡುಪು, ಒಂದು ಲೆಗ್ಗಿಂಗ್ಸ್ ಸದಾ ಇರಲಿ. ನರ್ಸರಿಯಲ್ಲಿ ವರ್ಷದಿಂದ ಒದ್ದೆ ಮಾಡಿಕೊಳ್ಳದ ಮಗುವೂ ಸೆಪ್ಟೆಂಬರ್‌ನಲ್ಲಿ ಮಾಡಿಕೊಳ್ಳುತ್ತದೆ. ಯಾರೂ ಬೈಯುವುದಿಲ್ಲ, ನೀವೂ ಬೈಯಬೇಡಿ.

ಸೆಪ್ಟೆಂಬರ್ ಮೊದಲ ಎರಡು ವಾರ ದೊಡ್ಡ ಗುಂಡಿ. ಎಷ್ಟೋ ಶಾಲೆಗಳು ರಿಸೆಪ್ಷನ್ ಮಕ್ಕಳನ್ನು ಒಮ್ಮೆಲೇ ಪೂರ್ತಿ ದಿನ ಕರೆಯುವುದಿಲ್ಲ. ಮೊದಲ ಕೆಲವು ದಿನ ಬೆಳಗ್ಗೆ ಮಾತ್ರ, ಆಮೇಲೆ ಊಟದವರೆಗೆ, ಆಮೇಲೆ ಪೂರ್ತಿ ದಿನ. ಆ ದಿನಗಳಲ್ಲಿ ಕ್ಲಬ್‌ಗೂ ಸೇರಿಸಿಕೊಳ್ಳದಿರಬಹುದು. ನಾಲ್ಕು ತುಂಬಿದ ನಂತರದ ಸೆಪ್ಟೆಂಬರ್‌ನಿಂದ ಪೂರ್ತಿ ದಿನದ ಸೀಟಿಗೆ ಮಗುವಿಗೆ ಹಕ್ಕಿದೆ ಎಂದು ಪ್ರವೇಶದ ನಿಯಮಾವಳಿಯಲ್ಲೇ ಇದೆ. ಕೇಳಿದರೆ ಶಾಲೆ ಕೊಡಬೇಕಾಗುತ್ತದೆ. ಆದರೂ ನಾನಾಗಿದ್ದರೆ ಇಲ್ಲಿ ಜಗಳಕ್ಕಿಳಿಯುತ್ತಿರಲಿಲ್ಲ. ಆ ಹತ್ತು ದಿನಕ್ಕೇ ಅತ್ತೆಯವರು ಬೇಕು.

ಕ್ಲಬ್ ತುಂಬಿದೆ, ಕಾಯುವವರ ಪಟ್ಟಿಗೆ ಹಾಕುತ್ತೇವೆ ಎಂದರೆ? ಪಟ್ಟಿಗೆ ಹಾಕಿಸಿ, ಅಷ್ಟಕ್ಕೇ ಬಿಡಬೇಡಿ. ಇಂಥ ವ್ಯವಸ್ಥೆ ಬೇಕು ಎಂದು ಶಾಲೆಯನ್ನು ಲಿಖಿತವಾಗಿ ಕೇಳುವ ಹಕ್ಕು ತಂದೆತಾಯಿಗೆ 2016ರಿಂದ ಇದೆ. ಶಾಲೆ ಅದನ್ನು ಪರಿಶೀಲಿಸಿ, ಆಗದಿದ್ದರೆ ಯಾಕೆ ಆಗದು ಎಂದು ಉತ್ತರಿಸಬೇಕು. ಒಬ್ಬರೇ ಬರೆದರೆ ಉತ್ತರದಲ್ಲೇ ಮುಗಿಯುತ್ತದೆ. ಹೊಸದಾಗಿ ಸೇರುವ ಮಕ್ಕಳ ವಾಟ್ಸ್ಆ್ಯಪ್ ಗುಂಪು ಈಗಾಗಲೇ ಶುರುವಾಗಿರುತ್ತದೆ. ಅಲ್ಲಿ ನಾಲ್ಕೈದು ಮನೆಯವರನ್ನು ಸೇರಿಸಿ, ಯಾವ ದಿನ, ಎಷ್ಟು ಗಂಟೆಯವರೆಗೆ, ಎಷ್ಟು ಮಕ್ಕಳು ಎಂದು ಸ್ಪಷ್ಟವಾಗಿ ಬರೆದು ಹೆಡ್‌ಟೀಚರ್‌ಗೂ ಶಾಲೆಯ ಆಡಳಿತ ಮಂಡಳಿಯವರಾದ ಗವರ್ನರ್‌ಗಳಿಗೂ ಕಳಿಸಿ. ಮಂಗಳವಾರ, ಬುಧವಾರ, ಗುರುವಾರಕ್ಕೆ ನೂಕುನುಗ್ಗಲು. ಸೋಮವಾರ, ಶುಕ್ರವಾರ ಕ್ಲಬ್‌ಗಳು ಅರ್ಧ ಖಾಲಿ. ನಿಮ್ಮ ಆಫೀಸಿನ ಮೂರು ದಿನಗಳಲ್ಲಿ ಒಂದನ್ನು ಸೋಮವಾರಕ್ಕೆ ತಿರುಗಿಸಲು ಸಾಧ್ಯವಾದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯಬಹುದು.

ಇನ್ನೊಂದು ದಾರಿ ಚೈಲ್ಡ್‌ಮೈಂಡರ್. ತಮ್ಮ ಮನೆಯಲ್ಲೇ ನೋಡಿಕೊಳ್ಳುವವರು, ಬೆಳಗ್ಗೆ ಶಾಲೆಗೆ ಬಿಟ್ಟು ಸಂಜೆ ಕರೆದುಕೊಂಡು ಬರುವವರು. ಎಂಟು ವರ್ಷದೊಳಗಿನ ಆರಕ್ಕಿಂತ ಹೆಚ್ಚು ಮಕ್ಕಳನ್ನು ಅವರು ಸಾಮಾನ್ಯವಾಗಿ ಇಟ್ಟುಕೊಳ್ಳುವಂತಿಲ್ಲ. ಮನೆ, ಸೋಫಾ, ಅಡುಗೆಮನೆಯ ವಾಸನೆ, ಒಂದೇ ಮುಖ: ಮೊದಲ ವರ್ಷದ ದಣಿದ ಮಗುವಿಗೆ ಹಾಲ್‌ಗಿಂತ ಇದು ಎಷ್ಟೋ ವಾಸಿ. ಒಳ್ಳೆಯವರು ಸಿಕ್ಕರೆ ಕ್ಲಬ್ಬನ್ನು ಬಿಟ್ಟು ಇವರನ್ನೇ ಹಿಡಿಯಿರಿ ಎಂದು, ಕ್ಲಬ್ ನಡೆಸುವ ನಾನೇ ಹೇಳುತ್ತೇನೆ. ಸಿಗುವುದೇ ಕಷ್ಟ. ಇಂಗ್ಲೆಂಡಿನಲ್ಲಿ ಅವರ ಸಂಖ್ಯೆ ಹತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ನಿಮ್ಮ ಶಾಲೆಗೆ ಯಾರು ಹೋಗಿ ಬರುತ್ತಾರೆಂದು ಕೌನ್ಸಿಲ್‌ನ ಫ್ಯಾಮಿಲಿ ಇನ್ಫರ್ಮೇಷನ್ ಸರ್ವೀಸ್‌ನಲ್ಲಿ ಕೇಳಿ. ಮೂರೂಕಾಲಿಗೆ ಶಾಲೆಯ ಗೇಟಿನ ಹತ್ತಿರ ಹದಿನೈದು ನಿಮಿಷ ನಿಂತರೂ ಗೊತ್ತಾಗುತ್ತದೆ.

ಈಗ ಪಕ್ಕದ ಬೀದಿಯವರ ಮಾತು. ಅವರು ಒಳ್ಳೆಯವರೇ ಇರಬಹುದು, ಮಗು ಕನ್ನಡವನ್ನೂ ಕೇಳುತ್ತದೆ, ಅನ್ನ ಸಾರು ತಿನ್ನುತ್ತದೆ. ಆದರೆ ಎಂಟು ವರ್ಷದೊಳಗಿನ ಮಗುವನ್ನು ತಮ್ಮ ಮನೆಯಲ್ಲಿ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು, ದುಡ್ಡು ತೆಗೆದುಕೊಂಡು ನೋಡಿಕೊಳ್ಳುವವರು ಚೈಲ್ಡ್‌ಮೈಂಡರ್ ಎಂದು ನೋಂದಾಯಿಸಿಕೊಳ್ಳಲೇಬೇಕು. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮನಂಥ ಹತ್ತಿರದ ನೆಂಟರಿಗೆ ಮಾತ್ರ ವಿನಾಯಿತಿ. ಮೂರೂಕಾಲಿನಿಂದ ಆರಕ್ಕೆ ಎರಡೂಮುಕ್ಕಾಲು ಗಂಟೆಯಾಯಿತು. ನೋಂದಣಿಯಿಲ್ಲದೆ ನಡೆಸಿದರೆ ಅಪರಾಧ ಅವರ ತಲೆಗೆ ಬರುತ್ತದೆ. ಏನಾದರೂ ಪೆಟ್ಟಾದರೆ ವಿಮೆಯೂ ಇರುವುದಿಲ್ಲ. ಅವರು ವಿಸಿಟರ್ ವೀಸಾದಲ್ಲಿ ಬಂದವರಾದರೆ ಕೆಲಸ ಮಾಡುವಂತೆಯೇ ಇಲ್ಲ. ಸ್ಟೂಡೆಂಟ್ ವೀಸಾದವರು ಸ್ವಂತ ಉದ್ಯೋಗ ಮಾಡುವಂತಿಲ್ಲ. ನಿಮ್ಮ ಹಾಗೆ ಡಿಪೆಂಡೆಂಟ್ ವೀಸಾದಲ್ಲಿದ್ದರೆ ದಾರಿ ತೆರೆದಿದೆ: ಡಿಬಿಎಸ್ ತಪಾಸಣೆ (ಅಪರಾಧದ ದಾಖಲೆ ಇದೆಯೇ ಎಂದು ನೋಡುವುದು), ಫಸ್ಟ್ ಏಡ್ ತರಬೇತಿ, ಮನೆಯ ಪರಿಶೀಲನೆ ಮುಗಿಸಿ ನೋಂದಾಯಿಸಿಕೊಳ್ಳಲಿ. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಸೆಪ್ಟೆಂಬರ್‌ಗೆ ಆಗಲಿಕ್ಕಿಲ್ಲ. ಆದರೆ ಇಲ್ಲಿ ಮನೆಯಲ್ಲಿರುವ ಎಷ್ಟೋ ನಮ್ಮ ಹೆಂಗಸರಿಗೆ ಇದು ಮರ್ಯಾದೆಯ ದುಡಿಮೆಯಾಗಬಲ್ಲದು, ಅವರಿಗೆ ಹೇಳಿ ನೋಡಿ.

ದುಡ್ಡಿಲ್ಲದ ಕೊಡುಕೊಳ್ಳುವಿಕೆ ಬೇರೆ ಮಾತು. 2009ರಲ್ಲಿ ಒಂದೇ ಕೆಲಸವನ್ನು ಹಂಚಿಕೊಂಡಿದ್ದ ಇಬ್ಬರು ಮಹಿಳಾ ಪೊಲೀಸರು ಒಬ್ಬರ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಅದೂ ‘ಪ್ರತಿಫಲ’ವೇ ಎಂದು ಆಫ್‌ಸ್ಟೆಡ್ ಅಡ್ಡಗಾಲು ಹಾಕಿತು. ದೇಶವೆಲ್ಲ ರೇಗಿದ ಮೇಲೆ ಸರ್ಕಾರ ನಿಯಮ ಸಡಿಲಿಸಿತು. ಹಾಗಾಗಿ ಅದೇ ತರಗತಿಯ ಇನ್ನೊಂದು ಮನೆಯವರೊಂದಿಗೆ ‘ಗುರುವಾರ ನೀವು, ಶುಕ್ರವಾರ ನಾವು’ ಎಂದು ಮಾಡಿಕೊಂಡರೆ ಯಾರೂ ಕೇಳುವುದಿಲ್ಲ.

ಅತ್ತೆಯವರ ವಿಷಯಕ್ಕೆ ಬರೋಣ. ಸ್ಟಾಂಡರ್ಡ್ ವಿಸಿಟರ್ ವೀಸಾದಲ್ಲಿ ಒಮ್ಮೆಗೆ ಆರು ತಿಂಗಳವರೆಗೆ ಇರಬಹುದು. ಮೊಮ್ಮಗಳನ್ನು ನೋಡಿಕೊಳ್ಳಲು ಬರುವುದು ತಪ್ಪೇ? ಅಲ್ಲ. ಮನೆಯವರೊಬ್ಬರು ಮಗುವನ್ನು ನೋಡಿಕೊಳ್ಳಲು ಅಲ್ಪ ಕಾಲಕ್ಕೆ ಬರಬಹುದು, ಆದರೆ ಅದು ಚೈಲ್ಡ್‌ಮೈಂಡರ್ ಕೆಲಸಕ್ಕೆ ಇಟ್ಟುಕೊಂಡ ಹಾಗಾಗಬಾರದು ಎಂದು ವೀಸಾ ನೋಡಿಕೊಳ್ಳುವ ಹೋಮ್ ಆಫೀಸ್‌ನ ಮಾರ್ಗಸೂಚಿಯೇ ಹೇಳುತ್ತದೆ. ಅಂದರೆ ಅವರಿಗೆ ಸಂಬಳ ಕೊಡುವಂತಿಲ್ಲ, ಮತ್ತು ಅವರೇ ನಿಮ್ಮ ಕಾಯಂ ವ್ಯವಸ್ಥೆ ಎಂದು ಕಾಣಬಾರದು. ಆರು ತಿಂಗಳು ಇದ್ದು, ಒಂದು ತಿಂಗಳು ಮೈಸೂರಿಗೆ ಹೋಗಿ ಮತ್ತೆ ಆರು ತಿಂಗಳಿಗೆ ಬಂದರೆ, ಪದೇ ಪದೇ ಬಂದು ಇಲ್ಲೇ ನೆಲೆಸುತ್ತಿದ್ದಾರೆ ಎಂದು ವೀಸಾ ಅಧಿಕಾರಿ ತೀರ್ಮಾನಿಸಬಹುದು. ಆಮೇಲೆ ಬರೀ ಮದುವೆಗೆ ಬರುತ್ತೇನೆಂದರೂ ಕಷ್ಟ. ಅರ್ಜಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ: ಮೊಮ್ಮಗಳು ಶಾಲೆಗೆ ಸೇರುತ್ತಿದ್ದಾಳೆ, ಜೊತೆಗಿರಲು ಇಷ್ಟು ವಾರ ಬರುತ್ತೇನೆ. ಊರು ಸುತ್ತಲು ಮಾತ್ರ ಎಂದು ಬರೆಸಿ, ಹೀಥ್ರೋದಲ್ಲಿ ಕೇಳಿದಾಗ ಅವರು ಮುಗ್ಧವಾಗಿ ‘ಮಗು ನೋಡ್ಕೊಳ್ಳೋಕೆ ಬಂದೆ’ ಎಂದರೆ ಎರಡೂ ತಾಳೆಯಾಗುವುದಿಲ್ಲ.

ಇನ್ನು ಕಾನೂನು ಹೇಳದ ಭಾಗ. ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕಕ್ಕೇ ಕತ್ತಲು. ಮೈಸೂರಿನ ಹವೆಗೆ ಒಗ್ಗಿದ ಅರವತ್ತೈದು, ಎಪ್ಪತ್ತರ ಮೊಣಕಾಲು, ಮಂಜು ಕಟ್ಟಿದ ಫುಟ್‌ಪಾತ್, ಕೈ ಬಿಡಿಸಿಕೊಂಡು ಓಡುವ ನಾಲ್ಕರ ಹುಡುಗಿ. ಬಿದ್ದು ಮೂಳೆ ಮುರಿದರೆ ವಿಸಿಟರ್‌ಗಳಿಗೆ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆ ವಾಸ ಉಚಿತವಲ್ಲ, ಖರ್ಚಿನ ಒಂದೂವರೆ ಪಟ್ಟು ಬಿಲ್ಲು ಬರುತ್ತದೆ. ವಿಮೆ ಮಾಡಿಸದೆ ಕರೆಸಬೇಡಿ. ನನ್ನ ಸಲಹೆ: ಆಗಸ್ಟ್ ಕೊನೆಯಲ್ಲಿ ಬಂದು, ಆ ಅರ್ಧ ದಿನಗಳನ್ನು ದಾಟಿಸಿ, ಅಕ್ಟೋಬರ್ ಕೊನೆಯ ಹಾಫ್ ಟರ್ಮ್ ರಜೆ ಮುಗಿಸಿ ಹೊರಡಲಿ. ಅಷ್ಟರಲ್ಲಿ ಮಗು ಕ್ಲಬ್‌ಗೂ ಹೊಂದಿಕೊಂಡಿರಬೇಕು. ಅದಕ್ಕೇ ಅಜ್ಜಿ ಇರುವಾಗಲೇ ವಾರಕ್ಕೆ ಎರಡು ದಿನವಾದರೂ ಕ್ಲಬ್‌ಗೆ ಕಳಿಸಿ. ಇಲ್ಲದಿದ್ದರೆ ನವೆಂಬರ್‌ನಲ್ಲಿ ಅಜ್ಜಿಯೂ ಇಲ್ಲ, ಕ್ಲಬ್ಬೂ ಹೊಸದು, ಹೊರಗೆ ಕತ್ತಲು. ಮೂರನ್ನೂ ಒಟ್ಟಿಗೆ ಆ ಮಗು ತಡೆದುಕೊಳ್ಳಬೇಕಾಗುತ್ತದೆ. ಅತ್ತೆಯವರ ಹೆಸರು, ಫೋಟೊ, ಗುಟ್ಟಿನ ಪದ ಎಲ್ಲವನ್ನೂ ಶಾಲೆಗೆ ಮೊದಲೇ ಕೊಟ್ಟಿರಿ. ಅಜ್ಜಿ ಅಂದರೂ ಪಟ್ಟಿಯಲ್ಲಿ ಇಲ್ಲದವರ ಕೈಗೆ ಮಗುವನ್ನು ಕೊಡುವುದಿಲ್ಲ.

ದುಡ್ಡಿನ ಮಾತು. ನೀವು ಕೇಳಿರುವುದು ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್ ಬಗ್ಗೆ. ನೀವು 8 ಪೌಂಡ್ ಹಾಕಿದರೆ ಸರ್ಕಾರ 2 ಸೇರಿಸುತ್ತದೆ, ಒಂದು ಮಗುವಿಗೆ ವರ್ಷಕ್ಕೆ 2,000 ಪೌಂಡ್‌ವರೆಗೆ. ಮಗುವಿಗೆ ಹನ್ನೊಂದು ತುಂಬಿದ ನಂತರದ ಸೆಪ್ಟೆಂಬರ್‌ವರೆಗೆ ಸಿಗುತ್ತದೆ, ನೋಂದಾಯಿತ ಕ್ಲಬ್‌ಗೂ ಕಟ್ಟಬಹುದು. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿರಬೇಕು, ಒಬ್ಬರ ಆದಾಯವೂ 1,00,000 ಪೌಂಡ್ ದಾಟಿರಬಾರದು. ಆದರೆ ಇಬ್ಬರಲ್ಲೊಬ್ಬರಿಗಾದರೂ ಪಬ್ಲಿಕ್ ಫಂಡ್ಸ್ (ಸರ್ಕಾರದ ನೆರವು) ಪಡೆಯುವ ಅನುಮತಿ ಇರಬೇಕು. ನಿಮ್ಮಿಬ್ಬರ ಇ-ವೀಸಾದಲ್ಲೂ ‘ನೋ ಪಬ್ಲಿಕ್ ಫಂಡ್ಸ್’ ಎಂದಿರುತ್ತದೆ. ‘ನಾವು ಹಾಕಿದ್ವಿ, ಬಂತು’ ಎಂದು ಗೆಳೆಯರು ಹೇಳಬಹುದು. ಅವರಿಗೆ ಐಎಲ್‌ಆರ್ (ಕಾಯಂ ವಾಸದ ಅನುಮತಿ) ಸಿಕ್ಕಿರಬಹುದು, ಇಲ್ಲವೇ ಇನ್ನೂ ಯಾರೂ ಹಿಡಿದಿಲ್ಲ. ಎರಡು ಸಾವಿರ ಪೌಂಡ್‌ಗೆ ವೀಸಾವನ್ನು ಪಣಕ್ಕಿಡಬೇಡಿ. ಬಿಸಿ ಊಟ ಮಾತ್ರ ಯಾವ ವೀಸಾದವರಿಗೂ ಇದೆ: ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್‌ನಿಂದ ಇಯರ್ ಟೂವರೆಗೆ (ಮೊದಲ ಮೂರು ವರ್ಷ) ಮಧ್ಯಾಹ್ನದ ಊಟ ಎಲ್ಲ ಮಕ್ಕಳಿಗೂ ಉಚಿತ.

ಕೆಲಸದ ಕಡೆಯಿಂದ ಏನಾಗಬಹುದು? 2024ರ ಏಪ್ರಿಲ್ 6ರಿಂದ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಫ್ಲೆಕ್ಸಿಬಲ್ ವರ್ಕಿಂಗ್ ಕೇಳಬಹುದು. ಕಂಪನಿ ಎರಡು ತಿಂಗಳೊಳಗೆ ಉತ್ತರ ಕೊಡಬೇಕು. ಈಗಲೇ ಕೇಳಿದರೆ ಸೆಪ್ಟೆಂಬರ್ ಹೊತ್ತಿಗೆ ಗೊತ್ತಾಗಿರುತ್ತದೆ. ಕೇಳುವಾಗ ಗಂಟೆ ಕಡಿಮೆ ಮಾಡಿ ಎನ್ನಬೇಡಿ, ಗಂಟೆ ಸರಿಸಿ ಎನ್ನಿ. ಒಬ್ಬರು ಏಳರಿಂದ ಮೂರು, ಇನ್ನೊಬ್ಬರು ಹತ್ತರಿಂದ ಆರು. ಯಜಮಾನರ ಗಂಟೆ ಕಡಿಮೆಯಾಗಿ ಸಂಬಳ ಇಳಿದರೆ ವೀಸಾದ ಸಂಬಳದ ಮಿತಿಗೆ ತಾಗುತ್ತದೆ. 2025ರ ಜುಲೈ 22ರಿಂದ ಹೊಸಬರಿಗೆ ಸಾಮಾನ್ಯ ಮಿತಿ 41,700 ಪೌಂಡ್, ಹಳೆಯ ವೀಸಾದವರಿಗೆ ಬೇರೆ. ಅರ್ಧ ದಿನದ ಕೆಲಸಕ್ಕೆ ಅರ್ಧ ಮಿತಿ ಎಂಬ ರಿಯಾಯಿತಿ ಇಲ್ಲ. ಕಂಪನಿಯ ವೀಸಾ ವಿಭಾಗದವರನ್ನು ಕೇಳದೆ ಹೆಜ್ಜೆ ಇಡಬಾರದು. ಡಿಪೆಂಡೆಂಟ್‌ಗೆ ಆ ಮಿತಿಯಿಲ್ಲ. ಹಾಗಾಗಿ ಯಾರಾದರೂ ಕೆಲಸ ತಗ್ಗಿಸಬೇಕಾದಾಗ ಮನೆಮನೆಯಲ್ಲೂ ಹೆಂಡತಿಯ ಕೆಲಸವೇ ತಗ್ಗುತ್ತದೆ. ಅವಳ ಸಂಬಳ ಹೆಚ್ಚಿದ್ದರೂ. ನನಗಿದು ಒಂದಿಷ್ಟೂ ಸರಿಕಾಣುವುದಿಲ್ಲ. ನೀವು ಕೆಲಸ ಬಿಡುವ ಮಾತಾಡಿಲ್ಲ, ಸಂತೋಷ. ಆ ಮಾತು ಮನೆಯಲ್ಲಿ ಬಂದರೆ ಮೇಲಿನ 2,850ರ ಲೆಕ್ಕ ತೆಗೆದು ತೋರಿಸಿ.

ಎಲ್ಲರೂ ಮರೆಯುವುದು ರಜೆಗಳನ್ನು. ಅಕ್ಟೋಬರ್‌ನಲ್ಲಿ ಒಂದು ವಾರ, ಕ್ರಿಸ್‌ಮಸ್‌ಗೆ ಎರಡು, ಫೆಬ್ರವರಿಯಲ್ಲಿ ಒಂದು, ಈಸ್ಟರ್‌ಗೆ ಎರಡು, ಮೇ ಕೊನೆಗೆ ಒಂದು, ಬೇಸಿಗೆಯಲ್ಲಿ ಆರು: ಒಟ್ಟು ಹದಿಮೂರು ವಾರ. ಇದರ ಮೇಲೆ ಟೀಚರ್‌ಗಳ ತರಬೇತಿಗೆಂದು ಐದು ಇನ್‌ಸೆಟ್ ದಿನ. ಕಾನೂನಿನ ಪ್ರಕಾರ ಒಬ್ಬರಿಗೆ ಸಿಗುವ ಕನಿಷ್ಠ ರಜೆ ಬ್ಯಾಂಕ್ ಹಾಲಿಡೇ ಸೇರಿ 28 ದಿನ, ಅಂದರೆ ಐದೂವರೆ ವಾರದ ಮೇಲೊಂದಿಷ್ಟು. ಗಂಡ ಹೆಂಡತಿ ಒಂದು ದಿನವೂ ಒಟ್ಟಿಗೆ ರಜೆ ಹಾಕದಿದ್ದರೂ ಹದಿಮೂರು ತುಂಬುವುದಿಲ್ಲ. ಶಾಲೆಯ ಕ್ಲಬ್ ರಜೆಯಲ್ಲಿ ತೆರೆದಿರುತ್ತದೆಯೇ, ಇಲ್ಲದಿದ್ದರೆ ಹತ್ತಿರದ ಹಾಲಿಡೇ ಕ್ಲಬ್ ನಾಲ್ಕು ವರ್ಷದವರನ್ನು ತೆಗೆದುಕೊಳ್ಳುತ್ತದೆಯೇ (ಎಷ್ಟೋ ಕಡೆ ಐದು ತುಂಬಿರಬೇಕು) ಎಂದು ಈಗಲೇ ಕೇಳಿ. ಬೇಸಿಗೆಯ ಆರು ವಾರಗಳಲ್ಲಿ ಊರಿಗೆ ಹೋಗುವುದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಊರಿನ ಮಾತು ಬಂದಿದ್ದರಿಂದ ಒಂದು ಲಾಭವನ್ನೂ ಹೇಳುತ್ತೇನೆ. ಟರ್ಮ್ ನಡುವೆ ಒಪ್ಪಿಗೆಯಿಲ್ಲದೆ ಐದು ದಿನ ಮಗುವನ್ನು ಶಾಲೆ ತಪ್ಪಿಸಿದರೆ ತಂದೆಗೊಂದು, ತಾಯಿಗೊಂದು 80 ಪೌಂಡ್ ದಂಡ ಬೀಳಬಹುದು. 21 ದಿನದೊಳಗೆ ಕಟ್ಟದಿದ್ದರೆ ಅದು 160. ಆದರೆ ಈ ದಂಡ ಕಡ್ಡಾಯ ಶಿಕ್ಷಣದ ವಯಸ್ಸಿನವರಿಗೆ ಮಾತ್ರ. ಫೆಬ್ರವರಿಯಲ್ಲಿ ಐದು ತುಂಬುವ ನಿಮ್ಮ ಮಗಳಿಗೆ ಆ ವಯಸ್ಸು ಶುರುವಾಗುವುದು ಈಸ್ಟರ್ ಮುಗಿದ ಮೇಲಿನ ಟರ್ಮ್‌ನಿಂದ. ಅಲ್ಲಿಯವರೆಗೆ ವಾರಕ್ಕೆ ಕೆಲವು ದಿನ ಮಾತ್ರ ಕಳಿಸುವ ಆಯ್ಕೆಯೂ ನಿಮ್ಮದೇ. ಸಂಕ್ರಾಂತಿ ಮುಗಿಸಿ ಬರುವ ಟಿಕೆಟ್ ಅಗ್ಗವಾಗಿದ್ದರೆ ಈ ಒಂದು ವರ್ಷ ದಂಡದ ಭಯವಿಲ್ಲ. ಹೆಡ್‌ಟೀಚರ್ ಮುಖ ಸಿಂಡರಿಸುವುದಕ್ಕೆ ಮಾತ್ರ ವಿನಾಯಿತಿಯಿಲ್ಲ.

ಕೊನೆಗೆ ಹತ್ತು ಗಂಟೆಯ ಪ್ರಶ್ನೆ. ಅವಳು ಈಗಲೂ ಹತ್ತೂವರೆ ಗಂಟೆ ಹೊರಗೇ ಇದ್ದಾಳೆ, ಚೆನ್ನಾಗಿಯೇ ಇದ್ದಾಳೆ. ಬದಲಾಗುವುದು ಗಂಟೆಯಲ್ಲ, ದಣಿವು. ನರ್ಸರಿಯಲ್ಲಿ ಸಾಮಾನ್ಯವಾಗಿ ಎಂಟು ಮಕ್ಕಳಿಗೆ ಒಬ್ಬರು. ರಿಸೆಪ್ಷನ್‌ನಲ್ಲಿ ಒಬ್ಬ ಟೀಚರ್‌ಗೆ ಮೂವತ್ತು ಮಕ್ಕಳವರೆಗೆ. ಸಾಲಿನಲ್ಲಿ ನಿಲ್ಲಬೇಕು, ಕೋಟಿನ ಜಿಪ್ ತಾನೇ ಹಾಕಬೇಕು, ಊಟದ ತಟ್ಟೆ ತಾನೇ ಹಿಡಿಯಬೇಕು. ಇಷ್ಟೆಲ್ಲ ಮುಗಿಸಿ ಕ್ಲಬ್‌ನಲ್ಲಿ ನಗುನಗುತ್ತಾ ಇದ್ದವಳು ನಿಮ್ಮನ್ನು ಕಂಡ ಕೂಡಲೇ ಶೂ ಎಸೆದು ರಂಪ ಮಾಡುತ್ತಾಳೆ. ಅದು ಕ್ಲಬ್ ಕೆಟ್ಟದ್ದು ಎಂಬುದರ ಗುರುತಲ್ಲ, ಬಿಗಿಹಿಡಿದದ್ದನ್ನು ನಿಮ್ಮೆದುರು ಬಿಡುತ್ತಾಳೆ ಅಷ್ಟೆ. ‘ಇವತ್ತು ಏನು ಕಲಿಸಿದರು’ ಎಂದು ಕೇಳುವ ಮೊದಲು ಕೈಗೊಂದು ಬಾಳೆಹಣ್ಣು ಕೊಡಿ. ಅವಳನ್ನು ಆರಕ್ಕೆ ಕೊನೆಯವಳಾಗಿ ಉಳಿಸಬೇಡಿ. ಪ್ಯಾಡಿಂಗ್ಟನ್‌ನಿಂದ ಐದರೊಳಗಿನ ರೈಲು ಹಿಡಿಯುವುದು ನಿಮ್ಮಿಬ್ಬರಲ್ಲಿ ಒಬ್ಬರ ಪಾಳಿ ಎಂದು ಬರೆದಿಟ್ಟುಕೊಳ್ಳಿ. ಆರು ದಾಟಿದರೆ ಇಬ್ಬರು ಸಿಬ್ಬಂದಿ ನಿಮಗಾಗಿ ಕಾಯಬೇಕು. ತಡವಾದದ್ದಕ್ಕೆ ದುಡ್ಡು ಕಟ್ಟಿಸಿಕೊಳ್ಳುತ್ತಾರೆ, ತಂದೆತಾಯಿಯೂ ಸಿಗದೆ ತುರ್ತಿಗೆ ಕೊಟ್ಟ ನಂಬರೂ ಸಿಗದಿದ್ದರೆ ಕೊನೆಗೆ ಕೌನ್ಸಿಲ್‌ನ ಮಕ್ಕಳ ವಿಭಾಗಕ್ಕೆ ಫೋನ್ ಹೋಗುತ್ತದೆ. ತುರ್ತಿಗೆ ಕೊಡುವ ಆ ನಂಬರ್ ಹತ್ತು ನಿಮಿಷದಲ್ಲಿ ನಡೆದು ಬರಬಲ್ಲವರದ್ದಾಗಿರಲಿ. ಪಕ್ಕದ ಬೀದಿಯವರು ಇದಕ್ಕೆ ಸರಿಯಾದ ಜನ.

ಮನೆಯಿಂದ ಕೆಲಸ ಮಾಡುವ ಎರಡು ದಿನ ಮೂರೂಕಾಲಿಗೇ ಕರೆತನ್ನಿ, ನಿಮ್ಮ ಕೆಲಸ ಒಂದೆರಡು ಗಂಟೆ ರಾತ್ರಿಗೆ ಸರಿದರೂ ಚಿಂತೆಯಿಲ್ಲ. ಶನಿವಾರದ ಭರತನಾಟ್ಯ, ಭಾನುವಾರದ ಕನ್ನಡ ತರಗತಿ, ಈಜು ಮೂರಕ್ಕೂ ಸೆಪ್ಟೆಂಬರ್‌ನಲ್ಲೇ ಹೆಸರು ಬರೆಸಬೇಡಿ. ಜನವರಿಯ ನಂತರ ಒಂದರಿಂದ ಶುರು ಮಾಡಿ. ಅಲ್ಲಿಯವರೆಗೆ ಕನ್ನಡಕ್ಕೆ ಅಜ್ಜಿಯ ಎರಡು ತಿಂಗಳು, ಆಮೇಲೆ ಅವರೊಡನೆ ದಿನಾ ವಿಡಿಯೋ ಕಾಲ್ ಇದ್ದೇ ಇರುತ್ತದೆ.